ನಗಾರಖಾನೆಯ ಸಂಗ್ರಹ, ಕಡಲಾಚೆಯ ಚಿತ್ರ

ವಿಜಯಪುರದ ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿ, ಅಂದರೆ ನಗಾರಿ ಬಾರಿಸಲೆಂದು ಕಟ್ಟಿದ ಮಾಳಿಗೆಯಲ್ಲಿ, 1892ರಲ್ಲಿ ನೆಲೆಗೊಂಡ ವಸ್ತುಸಂಗ್ರಹಾಲಯವು ಅರಬ್ಬಿ, ಪಾರಸಿ, ಕನ್ನಡ ಶಾಸನಗಳನ್ನೂ ಹಸ್ತಪ್ರತಿಗಳನ್ನೂ ರತ್ನಗಂಬಳಿಗಳನ್ನೂ ಒಂದೇ ಸೂರಿನಡಿ ಕಾಪಾಡಿಕೊಂಡು ಬಂದಿದೆ. ವಿಜಯಪುರವನ್ನು ಆಳಿದ ಆದಿಲ್‌ಶಾಹಿ ವಂಶದ ಕಾಲದ ಕಲೆಯ ಮತ್ತೊಂದು ಪಾಲು ಕಡಲಾಚೆಗಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ, ಸುಮಾರು 1680ರ ಕಿರುಚಿತ್ರವೊಂದರಲ್ಲಿ ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಕಲಾವಿದರು ಬೇರೆ ಬೇರೆ ಕಾಲದ ಸುಲ್ತಾನರನ್ನು ಒಟ್ಟಿಗೆ ಕೂರಿಸಿ, ರಾಜ್ಯಾಧಿಕಾರದ ಸಂಕೇತವಾದ ಕೀಲಿಕೈಯನ್ನು ಇರಾನಿನ ಸಫವಿ ದೊರೆಯಿಂದ ವಂಶದ ಮೂಲಪುರುಷ ಯೂಸುಫನಿಗೆ ಕೊಡಿಸಿದ್ದಾರೆ. ಆ ಅಧಿಕಾರವು 1686ರಲ್ಲಿ ಮೊಘಲ ಚಕ್ರವರ್ತಿ ಔರಂಗಜೇಬನ ವಶವಾಯಿತು. ಕುಂಚದ ಕೆಲಸ ಮಾತ್ರ ಉಳಿಯಿತು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮಕ್ಕಳು ಆ ದೂರದ ಚಿತ್ರವನ್ನು ಕಾಣಲಾರದಿದ್ದರೂ, ನಗಾರಖಾನೆಯ ಶಾಸನಗಳ ಮುಂದೆ ನಿಂತರೆ, ತಮ್ಮ ನೆಲದ ಕಲೆಯನ್ನು ಹಲವು ಭಾಷೆಗಳು ಕೂಡಿ ಬೆಳೆಸಿದುದನ್ನು ಕಣ್ಣಾರೆ ಅರಿಯಬಲ್ಲರು.