ಕ್ಯಾಲೆಂಡರಿನ ಕೆಂಪು ದಿನಗಳು ನಮ್ಮನ್ನು ಕೇಳುವುದೇನು?

(ಬಂಡೂರಿನಲ್ಲಿ ನಡೆದ ಸೌಹಾರ್ದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)





ಹಬ್ಬಗಳ ಅರ್ಥ ಮತ್ತು ಮೂಲದ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ ನಾವು ಮೊದಲು ನೋಡಿದ್ದು ಮನೆಯ ಗೋಡೆಯ ಮೇಲಿನ ಕ್ಯಾಲೆಂಡರನ್ನು. ಹನ್ನೆರಡು ಹಾಳೆಗಳಲ್ಲಿ ಅಲ್ಲಲ್ಲಿ ಕೆಂಪು ಅಂಕೆಗಳು. ಶಾಲೆಯ ಮಗುವಿಗೆ ಅದು ಪಾಠವಿಲ್ಲದ ದಿನ. ನೌಕರನಿಗೆ ರಜೆ. ವ್ಯಾಪಾರಿಗೆ ಮಾರಾಟದ ಭರಾಟೆ. ರಾಜಕಾರಣಿಗೆ ಶುಭಾಶಯದ ಫಲಕ ಕಟ್ಟಿಸುವ ಅವಕಾಶ. ಆದರೆ ಆ ಅಂಕೆ ಕೆಂಪಾದದ್ದು ಏಕೆ ಎಂದು ಕೇಳುವವರು ಎಷ್ಟು ಮಂದಿ?

ಹಬ್ಬಗಳು ಆಕಾಶದಿಂದ ರಜೆಯಾಗಿ ಇಳಿದು ಬಂದವುಗಳಲ್ಲ. ಕೆಲವು ಮಣ್ಣಿನಿಂದ ಹುಟ್ಟಿವೆ. ಸಂಕ್ರಾಂತಿಯ ಸಂಜೆ ಈ ಸೀಮೆಯ ರೈತರು ಎತ್ತುಗಳ ಮೈ ತೊಳೆದು, ಸಿಂಗರಿಸಿ, ಕಿಚ್ಚು ಹಾಯಿಸುತ್ತಾರೆ. ವರ್ಷವಿಡೀ ನೊಗ ಹೊತ್ತ ಪ್ರಾಣಿಗೆ ಸಲ್ಲುವ ಕೃತಜ್ಞತೆ ಅದು. ಕೆಲವು ಹಬ್ಬಗಳು ಮಹಾಪುರುಷರ ತ್ಯಾಗದಿಂದ ಹುಟ್ಟಿವೆ. ಇನ್ನು ಕೆಲವು ಜನತೆಯ ಹೋರಾಟದಿಂದ. ಮೂಲ ಯಾವುದೇ ಇರಲಿ, ಪ್ರತಿಯೊಂದು ದಿನದ ಹಿಂದೆಯೂ ಯಾರೋ ಮಾಡಿದ ಒಂದು ಕಾರ್ಯವಿದೆ. ಆ ಕಾರ್ಯವನ್ನು ಮರೆತರೆ ಉಳಿಯುವುದು ಊಟ ಮಾತ್ರ.

ಇಸ್ಲಾಮಿನ ಹಬ್ಬಗಳನ್ನೇ ನೋಡಿ. ಪ್ರವಾದಿಯವರು(ಸ) ಮದೀನಾಕ್ಕೆ ಬಂದಾಗ ಅಲ್ಲಿನ ಜನರು ವರ್ಷದಲ್ಲಿ ಎರಡು ದಿನ ಆಟ-ವಿನೋದಗಳಲ್ಲಿ ಕಳೆಯುತ್ತಿದ್ದರು. ಅವುಗಳಿಗಿಂತ ಉತ್ತಮವಾದ ಎರಡು ದಿನಗಳನ್ನು ಅಲ್ಲಾಹನು ಕೊಟ್ಟಿದ್ದಾನೆಂದು ಪ್ರವಾದಿಯವರು(ಸ) ತಿಳಿಸಿದರೆಂದು ಹದೀಸ್ ವರದಿಯಿದೆ. ಈದುಲ್ ಫಿತ್ರ್ ಮತ್ತು ಈದುಲ್ ಅಝ್‌ಹಾ ಆ ಎರಡು ದಿನಗಳು. ಒಂದರ ಹಿಂದೆ ತಿಂಗಳ ಉಪವಾಸವಿದೆ. ಹಬ್ಬದ ನಮಾಝಿಗೆ ಮುನ್ನವೇ ಬಡವನ ಮನೆಗೆ ತಲುಪಬೇಕಾದ ಫಿತ್ರ್ ಝಕಾತ್ ಇದೆ. ಇನ್ನೊಂದರ ಹಿಂದೆ ಇಬ್ರಾಹೀಮರ(ಅ) ಮಹಾತ್ಯಾಗವಿದೆ. ಎರಡರಲ್ಲೂ ಸಂತೋಷಕ್ಕಿಂತ ಮೊದಲು ಕರ್ತವ್ಯ ಬರುತ್ತದೆ, ತಾನು ಉಣ್ಣುವ ಮೊದಲು ನೆರೆಯವನ ನೆನಪು ಬರುತ್ತದೆ.

ವರ್ಷಗಣನೆಯಲ್ಲೂ ಇದೇ ಪಾಠವಿದೆ. ಖಲೀಫಾ ಉಮರರ(ರ) ಕಾಲದಲ್ಲಿ ಮುಸ್ಲಿಮರು ಒಂದು ಶಕೆಯನ್ನು ನಿರ್ಧರಿಸಿದಾಗ ಎಣಿಕೆಯನ್ನು ಪ್ರವಾದಿಯವರ(ಸ) ಜನನದಿಂದ ಆರಂಭಿಸಲಿಲ್ಲ, ಯಾವುದೇ ಯುದ್ಧದ ಗೆಲುವಿನಿಂದಲೂ ಆರಂಭಿಸಲಿಲ್ಲ. ಕ್ರಿ.ಶ. 622ರ ಹಿಜ್ರತ್‌ನಿಂದ, ಅಂದರೆ ಸತ್ಯಕ್ಕಾಗಿ ಮನೆಮಾರು ತೊರೆದು ಹೋದ ವರ್ಷದಿಂದ ಆರಂಭಿಸಿದರು.

ಈ ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನಗಳು. ಆದ್ದರಿಂದ ನಮ್ಮ ಹಬ್ಬಗಳು ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತಾ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ಯುಗಾದಿಯೂ ಚಂದ್ರನನ್ನೇ ನೋಡಿ ಬರುವ ಹಬ್ಬ. ಆದರೆ ಅಧಿಕ ಮಾಸ ಸೇರಿಸುವುದರಿಂದ ಅದು ಋತುವನ್ನು ಬಿಟ್ಟು ಸರಿಯುವುದಿಲ್ಲ. ಆಗೊಮ್ಮೆ ಈಗೊಮ್ಮೆ ಎರಡು ಲೆಕ್ಕಗಳೂ ಸಂಧಿಸುತ್ತವೆ. 2025ರಲ್ಲಿ ಮಾರ್ಚ್ 30ರಂದು ಯುಗಾದಿ, ಮಾರ್ಚ್ 31ರಂದು ಈದುಲ್ ಫಿತ್ರ್. ಒಂದೇ ಚಂದ್ರ ಎರಡು ಮನೆಗಳಿಗೆ ಹಬ್ಬ ತಂದಿತು.

ಸಹೋದರರೇ, ನಾವು ನಿಂತಿರುವ ಊರು ಬಂಡೂರು. ಮಳವಳ್ಳಿ ತಾಲೂಕಿನ ಈ ಹಳ್ಳಿಯ ಹೆಸರನ್ನು ನಾಡಿಗೆ ಪರಿಚಯಿಸಿದ್ದು ಇಲ್ಲಿನ ಕುರಿ. ಗಿಡ್ಡ ಕಾಲು, ತುಂಬಿದ ಮೈ, ಕೊಂಬಿಲ್ಲದ ತಲೆ, ಮೆದುವಾದ ಕೊಬ್ಬಿನ ಮಾಂಸ. ಬನ್ನೂರು ಕುರಿ ಎಂದೂ ಮಂಡ್ಯ ತಳಿ ಎಂದೂ ಇದನ್ನು ಕರೆಯುತ್ತಾರೆ. ಒಳ್ಳೆಯ ಟಗರಿನ ಬೆಲೆ ಲಕ್ಷ ದಾಟಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಗಿದೆ. ಈ ಕುರಿಗೆ ವರ್ಷದಲ್ಲಿ ಎರಡು ಸಂದರ್ಭಗಳಲ್ಲಿ ವಿಶೇಷ ಬೇಡಿಕೆ. ಒಂದು ಬಕ್ರೀದ್, ಇನ್ನೊಂದು ಯುಗಾದಿಯ ಮರುದಿನದ ಹೊಸ ತೊಡಕು. ಸಾಕುವವನು ಗೌಡರ ಮನೆಯ ರೈತ, ಕೊಳ್ಳುವವನು ಪಟ್ಟಣದ ಸಾಹೇಬ. ಅವರ ನಡುವಿನ ಈ ನಂಬಿಕೆಯ ವ್ಯವಹಾರವನ್ನು ಯಾವ ಸರಕಾರವೂ ಸೌಹಾರ್ದ ಸಮಿತಿ ರಚಿಸಿ ಬೆಳೆಸಿದ್ದಲ್ಲ.

ಮೊದಲು ನಮ್ಮ ಮನೆಯ ಕಸವನ್ನು ಗುಡಿಸಿಕೊಳ್ಳೋಣ. ಇಂದು ಬಕ್ರೀದ್ ಹತ್ತಿರ ಬಂದಾಗ ಮೊಹಲ್ಲಾಗಳಲ್ಲಿ ಕೇಳುವ ಪ್ರಶ್ನೆ ಯಾವುದು? "ನಿಮ್ಮದು ಎಷ್ಟು ಸಾವಿರದ್ದು?" ಕುರಿಯೊಂದಿಗೆ ನಿಂತ ಭಾವಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಬಂಡೂರು ಕುರಿ ತಂದೆವೆನ್ನುವುದು ದೇವನಿಗೆ ಹೇಳುವ ಮಾತಲ್ಲ, ಬೀಗರಿಗೆ ಹೇಳುವ ಮಾತಾಗಿದೆ.

ಇತರರನ್ನು ದೂಷಿಸುವ ಹಕ್ಕು ನಮಗಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೂ ಇದು ನಡೆದಿದೆ. ಅಕ್ಕಪಕ್ಕದವರ ಮುಂದೆ ಕಡಿಮೆಯಾಗಬಾರದೆಂದು ಕೈಸಾಲ ಮಾಡಿ ದೊಡ್ಡ ಟಗರನ್ನು ತಂದು ಬಾಗಿಲಲ್ಲೇ ಕಟ್ಟಿದೆವು. ಹಬ್ಬ ಮುಗಿದು ಸಾಲ ತೀರಿಸಲು ಹೆಣಗುತ್ತಿದ್ದ ದಿನಗಳಲ್ಲಿ ಒಮ್ಮೆ ತಾಯಿಯವರು ಕೇಳಿದರು: "ಮಗಾ, ಹಿಂದಿನ ಓಣಿಯ ಬೇವಾ ಮನೆಗೆ ಪಾಲು ಕೊಟ್ಟೆಯೇನಪ್ಪಾ?" ನಾವು ಕೊಟ್ಟಿರಲಿಲ್ಲ. ಬಂಧುಗಳಿಗೆ ತೊಡೆ, ಸ್ನೇಹಿತರಿಗೆ ಬಿರಿಯಾನಿ. ಗಂಡನಿಲ್ಲದ ಆ ತಾಯಿಯ ಮನೆಯನ್ನು ನಾವು ಮರೆತೇಬಿಟ್ಟಿದ್ದೆವು. ಮದ್ರಸದಲ್ಲಿ ಏಳೆಂಟು ವರ್ಷ ಓದಿ ಬಂದವರು ನಾವು! ಆ ದಿನದ ನಾಚಿಕೆ ಇಂದಿಗೂ ಹೋಗಿಲ್ಲ.

ಇದು ಹೊಸ ರೋಗವೇನಲ್ಲ. ಪ್ರವಾದಿಯವರ(ಸ) ಕಾಲದಲ್ಲಿ ಬಲಿದಾನ ಹೇಗಿತ್ತೆಂದು ಅವರ ಸಂಗಾತಿ ಅಬೂ ಅಯ್ಯೂಬ್ ಅನ್ಸಾರಿಯವರನ್ನು(ರ) ಒಬ್ಬರು ಕೇಳಿದರು. ಒಂದು ಮನೆಯವರ ಪರವಾಗಿ ಒಂದೇ ಕುರಿಯನ್ನು ಕೊಯ್ಯುತ್ತಿದ್ದರು, ತಾವೂ ತಿಂದು ಇತರರಿಗೂ ತಿನ್ನಿಸುತ್ತಿದ್ದರು, ಆಮೇಲೆ ಜನರು ಅದರಲ್ಲಿ ಹೆಮ್ಮೆ ಕೊಚ್ಚಿಕೊಳ್ಳತೊಡಗಿದರು ಎಂಬುದು ಅವರ ಉತ್ತರದ ಸಾರ. ಹದಿಮೂರು ಶತಮಾನಗಳ ಹಿಂದಿನ ಮಾತು! ಇಂದಿನ ನಮ್ಮ ಬೀದಿಗಳನ್ನು ಅವರು ನೋಡಿದ್ದರೆ ಏನು ಹೇಳುತ್ತಿದ್ದರು? ಬಲಿಯ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನಿಗೆ ತಲುಪುವುದಿಲ್ಲ, ತಲುಪುವುದು ನಿಮ್ಮ ಧರ್ಮನಿಷ್ಠೆ ಎಂಬುದು ಪವಿತ್ರ ಕುರ್‌ಆನಿನ ಬೋಧನೆ. ಆರ್ಥಿಕ ಸಾಮರ್ಥ್ಯವಿಲ್ಲದವನ ಮೇಲೆ ಬಲಿದಾನದ ಹೊಣೆಯೇ ಇಲ್ಲದಿರುವಾಗ, ಸಾಲ ಮಾಡಿ ತಂದ ಕುರಿಯಿಂದ ಯಾರನ್ನು ಮೆಚ್ಚಿಸುತ್ತೇವೆ?

ಇನ್ನು ಹೊಸ ತೊಡಕಿನ ಮಾತು. ಆ ದಿನ ಈ ಭಾಗದ ಹಳ್ಳಿಗಳಲ್ಲಿ ಗುಡ್ಡೆ ಬಾಡು ಹಂಚುವ ಪದ್ಧತಿಯಿದೆ. ಹತ್ತಾರು ಮನೆಯವರು ಸೇರಿ ಹಣ ಹಾಕಿ ಕುರಿ ತರುತ್ತಾರೆ. ತಲೆ, ಕಾಲು, ಈಲಿ, ಎಲುಬು, ಮಾಂಸ ಎಲ್ಲವನ್ನೂ ಸಮನಾಗಿ ಗುಡ್ಡೆ ಹಾಕಿ ಹಂಚುತ್ತಾರೆ. ಹಣವಂತನಿಗೆ ದೊಡ್ಡ ಗುಡ್ಡೆ, ಕೂಲಿಯವನಿಗೆ ಚಿಕ್ಕ ಗುಡ್ಡೆ ಎಂಬುದಿಲ್ಲ. ಬಲಿಮಾಂಸವನ್ನು ಮನೆಗೆ, ಬಂಧುಮಿತ್ರರಿಗೆ, ಬಡವರಿಗೆ ಎಂದು ಮೂರು ಪಾಲು ಮಾಡುವುದು ಉತ್ತಮವೆಂದು ನಮ್ಮ ವಿದ್ವಾಂಸರು ಕಲಿಸಿದ್ದಾರೆ. ಗುಡ್ಡೆ ಬಾಡಿನ ರೈತ ಮತ್ತು ಖುರ್ಬಾನಿಯ ಮುಸ್ಲಿಮ್ ಪರಸ್ಪರ ಗ್ರಂಥಗಳನ್ನು ಓದಿಲ್ಲದಿರಬಹುದು. ಆದರೆ ಹಂಚಿ ತಿನ್ನಬೇಕೆಂಬ ಪಾಠ ಇಬ್ಬರಿಗೂ ಗೊತ್ತಿದೆ.

ಇಂತಹ ದಿನದ ಮೇಲೂ ರಾಜಕೀಯದ ಕಣ್ಣು ಬಿತ್ತು. 2022ರಲ್ಲಿ ಯುಗಾದಿ ಏಪ್ರಿಲ್ 2ರಂದು ಬಂತು. ಹೊಸ ತೊಡಕಿಗೆ ಹಲಾಲ್ ಮಾಂಸ ಕೊಳ್ಳಬಾರದೆಂದು ಕೆಲವು ಸಂಘಟನೆಗಳು ರಾಜ್ಯದಲ್ಲಿ ಅಭಿಯಾನ ನಡೆಸಿದವು. ವಿಚಿತ್ರವೆಂದರೆ ಏಪ್ರಿಲ್ 3 ಮುಸ್ಲಿಮರ ಪಾಲಿಗೆ ರಮಝಾನಿನ ಮೊದಲ ಉಪವಾಸದ ದಿನವಾಗಿತ್ತು. ನೆರೆಯವನು ಮಾಂಸದೂಟ ಮಾಡುವ ದಿನ, ಮಾಂಸ ಮಾರುವವನು ಹಸಿದು ಕುಳಿತಿದ್ದ. ಹಬ್ಬದ ಮೂಲ ಅರಿತವನು ಆ ದಿನ ಮಾಂಸದಲ್ಲಿ ಧರ್ಮದ ಗೋಡೆಯನ್ನು ಹುಡುಕುವನೇ?

ಆದರೆ ಕೈ ತೋರಿಸುವುದು ಒಂದೇ ಕಡೆಗಾಗಬಾರದು. ನಮ್ಮದೇ ಜಿಲ್ಲೆಯ ನಾಗಮಂಗಲದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಗಣೇಶ ಮೆರವಣಿಗೆಯ ವೇಳೆ ಘರ್ಷಣೆ ನಡೆದು ಅಂಗಡಿಗಳು ಬೆಂಕಿಗೆ ಆಹುತಿಯಾದವು. ಮದ್ದೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಗಣೇಶ ಮೆರವಣಿಗೆಯ ಮೇಲೆ ಕಲ್ಲು ತೂರಲಾಯಿತು. ಕಲ್ಲೆಸೆದವನ ಹೆಸರು ಯಾವುದೇ ಇರಲಿ, ಅವನು ತನ್ನ ಧರ್ಮದ ಪ್ರತಿನಿಧಿಯಲ್ಲ. ಮಸೀದಿಯ ಮುಂದೆ ಕೆಣಕಲೆಂದೇ ಘೋಷಣೆ ಕೂಗುವವನು ಗಣೇಶನ ಭಕ್ತನೂ ಅಲ್ಲ. ಬೆಂಕಿಗೆ ಸಿಕ್ಕ ಅಂಗಡಿಯೊಳಗೆ ಇದ್ದದ್ದು ಒಂದು ಕುಟುಂಬದ ಅನ್ನ.

ಇದೇ ಸೀಮೆಯಲ್ಲಿ ಮುಹರ್ರಮನ್ನು ಬಾಬಯ್ಯನ ಹಬ್ಬವೆಂದು ಕರೆದು ಹಿಂದೂಗಳೂ ಆಚರಿಸುತ್ತಿದ್ದರು. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದ ಇಮಾಮ್ ಹುಸೈನರ(ರ) ಹೆಸರು ಕನ್ನಡ ಹಳ್ಳಿಗಳ ಬಾಯಲ್ಲಿ ಹೀಗೆ ಬಾಳಿತು. ಕೆಂಡ ಹಾಯುವುದು, ವೇಷ ಹಾಕುವುದು ಇಸ್ಲಾಮಿನ ಭಾಗವಲ್ಲವೆಂದು ನಾವು ಹೇಳಿದ್ದೇವೆ, ಇಂದೂ ಹೇಳುತ್ತೇವೆ. ಆದರೆ ಸುಧಾರಣೆಯ ಹೆಸರಿನಲ್ಲಿ ಅನಾಚಾರವನ್ನು ಹೊರಗೆ ಹಾಕುವಾಗ ನೆರೆಯವನನ್ನೂ ಹೊರಗೆ ಹಾಕಿದೆವೇ? ತಿದ್ದಬೇಕಾದದ್ದು ಆಚರಣೆಯನ್ನು, ಕಡಿಯಬೇಕಾದದ್ದು ಸಂಬಂಧವನ್ನಲ್ಲ. ಈ ಪ್ರಶ್ನೆಯನ್ನು ನಾವು ಸುಧಾರಕರು ನಮಗೇ ಕೇಳಿಕೊಳ್ಳಬೇಕು.

ಇನ್ನು ನಾಡಿನ ದಿನಾಚರಣೆಗಳು. ಇಲ್ಲಿಂದ ದೂರವಲ್ಲದ ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆ ಮುರಿದು ಧ್ವಜ ಹಾರಿಸಿದವರು ಸೆರೆಮನೆ ಸೇರಿದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಸೇರಿದ ಜನರ ಮೇಲೆ ಗುಂಡು ಹಾರಿತು. ಆಗಸ್ಟ್ 15ರಂದು ನಮ್ಮ ಮಕ್ಕಳಿಗೆ ಮಿಠಾಯಿ ಸಿಗುತ್ತದೆ, ಶಿವಪುರದ ಕಥೆ ಸಿಗುವುದಿಲ್ಲ. ಟಿಪ್ಪು ಜಯಂತಿಯನ್ನು 2015ರಲ್ಲಿ ಒಂದು ಸರಕಾರ ಆರಂಭಿಸಿತು, 2019ರಲ್ಲಿ ಇನ್ನೊಂದು ಸರಕಾರ ಕೈಬಿಟ್ಟಿತು. ಜಯಂತಿ ಬಂದಾಗ ಕುಣಿದೆವು, ಹೋದಾಗ ಕೂಗಿದೆವು. ಆ ನಡುವೆ ಟಿಪ್ಪುವಿನ ಬಗ್ಗೆ ಒಂದು ಪುಸ್ತಕ ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಸರಕಾರ ಕೊಡುವ ದಿನವನ್ನು ಸರಕಾರ ಕಿತ್ತುಕೊಳ್ಳಬಲ್ಲದು. ಓದಿ ಗಳಿಸಿದ ಅರಿವನ್ನು ಯಾರೂ ಕಿತ್ತುಕೊಳ್ಳಲಾರರು.

ಹಾಗಾದರೆ ಮಾಡಬೇಕಾದದ್ದೇನು? ಬರುವ ಬಕ್ರೀದ್‌ಗೆ ನಾವು ನಾಲ್ಕು ನಿರ್ಧಾರ ಮಾಡೋಣ. ಸಾಲ ಮಾಡಿ ಕುರಿ ತರುವುದಿಲ್ಲ. ಕುರಿಯ ಬೆಲೆಯನ್ನು ಯಾರಿಗೂ ಹೇಳುವುದಿಲ್ಲ. ರಕ್ತ, ತ್ಯಾಜ್ಯಗಳಿಂದ ಬೀದಿಯನ್ನು ಹೊಲಸು ಮಾಡುವುದಿಲ್ಲ. ಮೊದಲ ಪಾಲನ್ನು ಯಾರೂ ನೆನಪಿಸದ ಮನೆಗೆ ಮುಟ್ಟಿಸುತ್ತೇವೆ. ಪ್ರವಾದಿಯವರ(ಸ) ಸಂಗಾತಿ ಅಬ್ದುಲ್ಲಾ ಬಿನ್ ಅಮ್ರ್(ರ) ತಮ್ಮ ಮನೆಯಲ್ಲಿ ಕುರಿ ಕೊಯ್ದಾಗ, ನಮ್ಮ ಯಹೂದಿ ನೆರೆಯವನಿಗೆ ಕೊಟ್ಟಿರಾ ಎಂದು ಮತ್ತೆ ಮತ್ತೆ ವಿಚಾರಿಸಿದ್ದರು. ನೆರೆಯವನ ಧರ್ಮ ಅವರಿಗೆ ಅಡ್ಡಿಯಾಗಲಿಲ್ಲ, ನಮಗೇಕೆ ಆಗಬೇಕು? ಹಾಗೆಯೇ ನೆರೆಯವನ ಮೆರವಣಿಗೆ ನಮ್ಮ ಬೀದಿಗೆ ಬಂದಾಗ ನಮ್ಮ ಯುವಕರ ಕೈಯಲ್ಲಿ ನೀರಿನ ಲೋಟವಿರಲಿ.

ಮುಂದಿನ ಬಾರಿ ಕ್ಯಾಲೆಂಡರಿನಲ್ಲಿ ಕೆಂಪು ಅಂಕೆ ಕಂಡಾಗ ರಜೆ ಯಾವ ವಾರ ಬಂತೆಂದಷ್ಟೇ ನೋಡದಿರಿ. ಆ ದಿನ ಯಾರು ಏನನ್ನು ತ್ಯಾಗ ಮಾಡಿದರು, ನಮ್ಮಿಂದ ಏನನ್ನು ಬೇಡುತ್ತಿದ್ದಾರೆ ಎಂದು ಮಕ್ಕಳೊಂದಿಗೆ ಕುಳಿತು ಮಾತನಾಡಿ. ಆಮೇಲೆ ಊಟಕ್ಕೆ ಏಳಿ, ಪಕ್ಕದ ಮನೆಯವರನ್ನೂ ಕರೆಯಿರಿ.

ಹೇಳಿದ್ದನ್ನು ಮೊದಲು ಪಾಲಿಸುವ ಶಕ್ತಿಯನ್ನು ಅಲ್ಲಾಹನು ನಮಗೇ ನೀಡಲಿ.