ಕುಂತಿ ಬೇಡಿದ ವರ

ಯುದ್ಧ ಮುಗಿದಿದೆ. ರಾಜ್ಯ ಪಾಂಡವರ ಕೈಗೆ ಬಂದಿದೆ. ದ್ವಾರಕೆಗೆ ಹೊರಟ ಕೃಷ್ಣನನ್ನು ತಡೆದು ಕುಂತಿ ಬೇಡುವುದೇನು ಗೊತ್ತೆ? ಕಷ್ಟಗಳು ಮತ್ತೆ ಮತ್ತೆ ಬರಲಿ ಎಂದು. ಭಾಗವತದ ಮೊದಲನೆಯ ಸ್ಕಂಧದಲ್ಲಿ ಈ ಪ್ರಸಂಗವಿದೆ. ಭೀಮನಿಗಿಟ್ಟ ವಿಷ, ಅರಗಿನ ಮನೆಯ ಬೆಂಕಿ, ವನವಾಸ, ಎಲ್ಲ ಕಡೆಯೂ ಕಾಯಲು ಕೃಷ್ಣನಿದ್ದ. ಈಗ ಸುಖ ಬಂತು, ಅವನು ಊರಿಗೆ ಹೊರಟ! ಕುಲ, ಐಶ್ವರ್ಯ, ವಿದ್ಯೆಗಳ ಮದವೇರಿದವನಿಗೆ ದೇವರನ್ನು ಕೂಗಲು ಬಾಯೇ ಬರುವುದಿಲ್ಲ ಎಂಬುದು ಆಕೆಯ ಅನುಭವ. ಪುರಂದರದಾಸರೂ ಸಿರಿವಂತಿಕೆಯನ್ನು ಬಿಟ್ಟ ಮೇಲೆಯೇ ದಾಸರಾದರು ಎನ್ನುತ್ತದೆ ನಮ್ಮ ಐತಿಹ್ಯ.

ಆದರೆ ಗಮನಿಸಿ, ಕುಂತಿ ಕಷ್ಟ ಬೇಡಿದ್ದು ತನಗೆ, ನೆರೆಯವರಿಗಲ್ಲ. ಆಸ್ಪತ್ರೆಯ ಬಿಲ್ಲು ಹಿಡಿದು ಕಂಗಾಲಾಗಿ ಕೂತವರಿಗೆ "ದೇವರು ಪರೀಕ್ಷೆ ಮಾಡ್ತಿದ್ದಾನೆ ಬಿಡಿ" ಅನ್ನುತ್ತೇವಲ್ಲ, ನನಗಂತೂ ಅದು ಸರಿಕಾಣದು.

ನಮ್ಮ ಬಡಾವಣೆ ಅನ್ನಪೂರ್ಣೇಶ್ವರಿ ನಗರಕ್ಕೆ ಹೆಸರು ಕೊಟ್ಟ ತಾಯಿ ಅನ್ನಪೂರ್ಣೆಯ, ಅಂದರೆ ಪಾರ್ವತಿಯ, ಕಥೆ ಇನ್ನೊಂದು ದಾರಿಯದು. ಜಗತ್ತೆಲ್ಲ ಮಾಯೆ, ಅನ್ನವೂ ಮಾಯೆ ಎಂದನಂತೆ ಶಿವ. ಪಾರ್ವತಿ ಮರೆಯಾದಳು. ಹೊಲ ಒಣಗಿತು, ಒಲೆ ಆರಿತು. ಕಡೆಗೆ ವೇದಾಂತ ಹೇಳಿದವನೇ ಕಾಶಿಯಲ್ಲಿ ಭಿಕ್ಷಾಪಾತ್ರೆ ಹಿಡಿದು ಅವಳ ಮುಂದೆ ನಿಂತ. ಹಸಿವಿನಿಂದ ಏನು ಕಲಿತೆ ಎಂದು ಅವಳೇನೂ ಕೇಳಲಿಲ್ಲ. ಸೌಟು ತುಂಬ ಅನ್ನ ಬಡಿಸಿದಳು, ಅಷ್ಟೆ. ಮಲೆನಾಡಿನ ಹೊರನಾಡಿನಲ್ಲಿ ಇವಳ ದರ್ಶನಕ್ಕೆ ಹೋದವರಿಗೆ ಇಂದಿಗೂ ಊಟವಿಲ್ಲದೆ ಪ್ರಸಾದ ಪೂರ್ತಿಯಾಗುವುದಿಲ್ಲ.