ಬಿಜನ್ ಸೇತುವೆಯ ಇಳಿಜಾರು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಂಜೆ ಸೈಕಲ್ಲಿನ ಬಗ್ಗೆ ಮಾತನಾಡುತ್ತೇನೆಂದು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ತುಸು ನಕ್ಕರು. ಕಳೆದ ತಿಂಗಳು ಇದೇ ವೇದಿಕೆಯಲ್ಲಿ ವಚನ ಸಾಹಿತ್ಯವನ್ನು ಕುರಿತು ಉಪನ್ಯಾಸವಾಗಿತ್ತು. ಅದರ ಬೆನ್ನಿಗೇ ಈ ಬಡ ವಾಹನ ಬರುವುದು ಸಭೆಗೆ ಒಪ್ಪೀತೇ ಎಂಬ ಶಂಕೆ ಅವರಿಗಿದ್ದಿರಬೇಕು. ಆದರೆ ಕಸ್ಬಾದಲ್ಲಿ ವಾಸಕ್ಕೆ ಬಂದ ನನಗೆ ಈ ಮಹಾನಗರವನ್ನು ಪರಿಚಯಿಸಿದ್ದು ಕಚೇರಿಯಲ್ಲ, ಪುಸ್ತಕವೂ ಅಲ್ಲ. ಕೈಯಿಂದ ಕೈಗೆ ದಾಟಿ ಬಂದ ಒಂದು ಹಳೆಯ ಸೈಕಲ್ಲು. ಆ ಋಣವನ್ನು ಇಂದು ಸ್ವಲ್ಪ ತೀರಿಸಿಕೊಳ್ಳುತ್ತೇನೆ.

ಕಸ್ಬಾ ಎಂಬ ಹೆಸರು ನಮಗೆ ಹೊಸದೇನಲ್ಲ. ಊರಿನ ಪಹಣಿ ಪತ್ರದಲ್ಲಿ 'ಕಸಬಾ ಹೋಬಳಿ' ಎಂದು ಓದಿ ಬೆಳೆದವರು ನಾವು. ಅರಬ್ಬಿಯಿಂದ ಹೊರಟ ಆ ಪದ ನಮ್ಮ ತಾಲ್ಲೂಕು ಕಚೇರಿಯನ್ನೂ ಸೇರಿತು, ಕಲ್ಕತ್ತೆಯ ಈ ಬಡಾವಣೆಯನ್ನೂ ಸೇರಿತು. ಬಂದ ಮೊದಲ ವಾರ ಬಸ್ಸಿನ ಹಲಗೆಯ ಮೇಲೆ ಆ ಹೆಸರು ಕಂಡಾಗ ಆದ ಸಮಾಧಾನ ಅಷ್ಟಿಷ್ಟಲ್ಲ.

ಕಸ್ಬಾದಿಂದ ಗಡಿಯಾಹಾಟಿಗೆ ಹೋಗಬೇಕಾದರೆ ಬಾಲಿಗಂಜ್ ನಿಲ್ದಾಣದ ಬಳಿ ರೈಲು ಹಳಿಗಳನ್ನು ದಾಟಬೇಕು. ಅಲ್ಲಿರುವುದು ಬಿಜನ್ ಸೇತುವೆ. ಸಪಾಟಾದ ಈ ಊರಿನಲ್ಲಿ ಸೈಕಲ್ ಸವಾರನಿಗೆ ಅದೇ ಬೆಟ್ಟ. ಏರುವಾಗ ಸೀಟಿನಿಂದ ಎದ್ದು ನಿಂತು ತುಳಿಯಬೇಕು, ಎದೆ ಡವಗುಟ್ಟುತ್ತದೆ. ನೆತ್ತಿ ತಲುಪಿದ ಮೇಲೆ ಪೆಡಲಿನ ಮೇಲಿನ ಕಾಲು ಸುಮ್ಮನಾಗುತ್ತದೆ. ಕೆಳಗೆ ಲೋಕಲ್ ರೈಲು, ಎದುರಿಗೆ ಕಸ್ಬಾದ ದೀಪಗಳು, ಕಿವಿಯಲ್ಲಿ ಗಾಳಿ. ಕಚೇರಿಯಲ್ಲಿ ಯಾರು ಏನೆಂದರು ಎಂಬುದು ಆ ಇಳಿಜಾರಿನಲ್ಲಿ ನೆನಪಾದದ್ದಿಲ್ಲ. ಊರಿನಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು, ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ, ಮಂಡಿ ತರಚಿಕೊಂಡು ಕಲಿತ ಹುಡುಗನೇ ಅಲ್ಲಿ ಮತ್ತೆ ಕೂತಿರುತ್ತಾನೆ.

ಸೈಕಲ್ಲಿನ ಸುಖವೆಂದರೆ ವೇಗವೆಂದು ನಾನು ಭಾವಿಸುವುದಿಲ್ಲ. ನಡಿಗೆಗೆ ತಗಲುವ ಶ್ರಮದಲ್ಲಿಯೇ ಮೂರು ನಾಲ್ಕು ಪಟ್ಟು ದೂರ ಕ್ರಮಿಸಬಹುದೆಂಬುದು ನಿಜ. ಆದರೂ ಯಾರಾದರೂ ಕರೆದರೆ ಓಗೊಡಬಲ್ಲಷ್ಟು ನಿಧಾನ ಅದರಲ್ಲಿ ಉಳಿದಿರುತ್ತದೆ. ಕಾರಿನ ಗಾಜು ಏರಿಸಿ ಕೂತವರಿಗೆ ಬೋಸ್‌ಪುಕುರಿನ ಓಣಿಯಲ್ಲಿ ಸಂಜೆ ಮನೆಮನೆಯಿಂದ ಕೇಳುವ ಶಂಖ, ಹಾರ್ಮೋನಿಯಂ ಮುಂದೆ ಕೂತ ಮಗುವಿನ ಅಪಸ್ವರ, ಲೂಚಿ ಕರಿಯುವ ಎಣ್ಣೆಯ ವಾಸನೆ ಇವು ಯಾವುವೂ ದಕ್ಕುವುದಿಲ್ಲ. ಇದೇ ಬೋಸ್‌ಪುಕುರಿನಲ್ಲಿ 2001ರ ದುರ್ಗಾಪೂಜೆಗೆ ಚಹದ ಮಣ್ಣಿನ ಕುಡಿಕೆಗಳಿಂದಲೇ ಮಂಟಪ ಕಟ್ಟಿದ್ದನ್ನು ನಮ್ಮ ಹಿರಿಯ ಸದಸ್ಯರು ಮರೆತಿರಲಾರರು.

ನನ್ನ ಬಂಗಾಳಿ ಶಾಲೆಯೂ ರಸ್ತೆಬದಿಯ ಒಂದು ಸೈಕಲ್ ರಿಪೇರಿ ಅಂಗಡಿಯೇ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು, ಆ ಮಿಸ್ತ್ರಿ ನನ್ನ ತಪ್ಪು ಕ್ರಿಯಾಪದಗಳನ್ನು ತಿದ್ದುತ್ತಿದ್ದ. ಪಂಕ್ಚರಿಗೆ ಮಾತ್ರ ಹಣ ತೆಗೆದುಕೊಂಡ, ವ್ಯಾಕರಣಕ್ಕಲ್ಲ. ಭಾನುವಾರ ಕರಿಬೇವು, ಬಾಳೆಲೆ, ಕಾಫಿಪುಡಿಗಾಗಿ ಲೇಕ್ ಮಾರ್ಕೆಟ್ಟಿಗೆ ಹೋಗಿ, ಹ್ಯಾಂಡಲ್ಲಿಗೆ ಚೀಲ ತೂಗುಹಾಕಿಕೊಂಡು ಹಿಂದಿರುಗುವಾಗ ಪರಿಚಿತರು 'ದಾದಾ' ಎಂದು ಕೂಗುತ್ತಿದ್ದರು. ಹೊರಗಿನವನೆಂಬ ಭಾವ ಯಾವ ದಿನ ಹೋಯಿತೆಂದು ನನಗೇ ತಿಳಿಯದು.

ಈಗ ಹೇಳಬೇಕಾದ ಇನ್ನೊಂದು ಮಾತಿದೆ. 2013ರಲ್ಲಿ ಪೊಲೀಸ್ ಆದೇಶವೊಂದರ ಮೂಲಕ ಈ ನಗರದ 174 ರಸ್ತೆಗಳಲ್ಲಿ ಸೈಕಲ್ ಸಂಚಾರ ನಿಷೇಧವಾಯಿತು. ವಾಹನಗಳ ಸಲೀಸು ಸಂಚಾರಕ್ಕೆ ಸೈಕಲ್ಲು ಅಡ್ಡಿ ಎಂಬುದು ಕಾರಣ. ಸೈಕಲ್ಲು ವಾಹನವಲ್ಲವೆಂಬುದು ಅದರ ಒಳಾರ್ಥ. ಪ್ರತಿಭಟನೆಗಳಾದ ಬಳಿಕ ಪಟ್ಟಿ 62 ರಸ್ತೆಗಳಿಗೆ ಇಳಿಯಿತು. ಕುತೂಹಲದ ಸಂಗತಿಯೆಂದರೆ, 2015ರಲ್ಲಿ ಇದೇ ರಾಜ್ಯದ ಸರ್ಕಾರ 'ಸಬುಜ್ ಸಾಥಿ' ಯೋಜನೆಯಡಿ ಒಂಬತ್ತರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿತು. ನಮ್ಮ ಕರ್ನಾಟಕದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಹಾಗೆಯೇ. ಒಂದು ಕೈ ಸೈಕಲ್ ಕೊಡುತ್ತದೆ, ಇನ್ನೊಂದು ಕೈ ಅದನ್ನು ರಸ್ತೆಯಿಂದ ಕೆಳಗಿಳಿಸುತ್ತದೆ. 2020ರ ಸಾಂಕ್ರಾಮಿಕದಲ್ಲಿ ರೈಲು ಬಸ್ಸುಗಳು ನಿಂತು ನಗರ ಕಂಗೆಟ್ಟಾಗ ಅದೇ ಸೈಕಲ್ಲುಗಳಿಗೆ ನಿಷಿದ್ಧ ರಸ್ತೆಗಳಲ್ಲಿಯೂ ತಾತ್ಕಾಲಿಕ ಅವಕಾಶ ದೊರೆಯಿತು.

ಆದೇಶ ಹೊರಟ ಆ ದಿನಗಳಲ್ಲಿ ಒಂದು ಬೆಳಗ್ಗೆ ನಡೆದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಯಾವುದೋ ಚೌಕದಲ್ಲಿ ನನ್ನನ್ನೂ ಒಬ್ಬ ಮೀನುಗಾರನನ್ನೂ ಒಟ್ಟಿಗೆ ತಡೆದರು. ಕ್ಯಾರಿಯರಿಗೆ ಕಟ್ಟಿದ ಅವನ ಅಲ್ಯೂಮಿನಿಯಂ ಹಂಡೆಯಲ್ಲಿ ಮೀನುಗಳು ಇನ್ನೂ ಜೀವಂತವಿದ್ದವು. ಅವು ಸಾಯದಂತೆ ಅವನು ಆಗಾಗ ಕೈಯಿಂದ ನೀರನ್ನು ಬಡಿಯುತ್ತಿದ್ದ. ನಾನು ಕನ್ನಡಕ ಸರಿಪಡಿಸಿಕೊಂಡು ಇಂಗ್ಲಿಷಿನಲ್ಲಿ ಎರಡು ಮಾತು ಆಡಿದೆ. ನನಗೆ ಹೋಗಲು ಸನ್ನೆಯಾಯಿತು, ಅವನ ಹೆಸರಿಗೆ ದಂಡದ ಚೀಟಿ ಹರಿಯಿತು. ನಾನು ಹೊರಟೇಬಿಟ್ಟೆ. ವ್ಯಾಯಾಮಕ್ಕೆಂದು ಸೈಕಲ್ ತುಳಿಯುವ ನನಗೆ ಅದು ಆನಂದ. ಅವನಿಗೆ ಅದು ಆ ದಿನದ ಅನ್ನ. ಆದರೂ ಬೆಳಗಿನ ಜಾವದ ತಂಪಿನಲ್ಲಿ ಖಾಲಿ ರಸ್ತೆಯ ಮೇಲೆ ಅವನು ಗುನುಗುತ್ತ ಬರುವುದನ್ನು ನಾನು ಮುಂಚೆ ಕೇಳಿದ್ದೆ. ಆನಂದವೂ ನನ್ನೊಬ್ಬನ ಸ್ವತ್ತಾಗಿರಲಿಲ್ಲ. ಆಗ ಮಾತ್ರ ನಾನು ಬಾಯಿ ಬಿಡಲಿಲ್ಲ.

ಸೈಕಲ್ಲನ್ನು ಹಳ್ಳಿಗರ, ಕೂಲಿಗಳ ಸರಕೆಂದು ಮೂಗುಮುರಿಯುವವರಿಗೆ ಈ ನಗರದ ಇತಿಹಾಸವೇ ಉತ್ತರ ಕೊಡುತ್ತದೆ. 1926ರ ಡಿಸೆಂಬರಿನಲ್ಲಿ ಬಿಮಲ್ ಮುಖರ್ಜಿ ಎಂಬ ತರುಣ ಮೂವರು ಗೆಳೆಯರೊಡನೆ ಇಲ್ಲಿನ ಟೌನ್ ಹಾಲಿನಿಂದ ಸೈಕಲ್ ಏರಿ ಜಗತ್ತನ್ನು ಸುತ್ತಲು ಹೊರಟ; ಮರಳಿದ್ದು 1937ರಲ್ಲಿ. 'ದು ಚಾಕಾಯ್ ದುನಿಯಾ' ಎಂಬ ಅವನ ಪ್ರವಾಸ ಕಥನ ಬಂಗಾಳಿಯಲ್ಲಿದೆ. ಇತ್ತ ನಮ್ಮ ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಎಂಬ ಮುದ್ದಾದ ಹೆಸರಿನಲ್ಲಿ ಸಾರ್ವಜನಿಕ ಸೈಕಲ್ಲುಗಳು ಬೀದಿಗೆ ಬಂದವು. ಊರಿನವನೆಂಬ ಹೆಮ್ಮೆಯಿಂದ ಆ ಸುದ್ದಿಯನ್ನು ನಮ್ಮ ಮಿಸ್ತ್ರಿಗೆ ಓದಿ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಪಂಕ್ಚರ್ ಹಾಕುವವರು ಯಾರು?"

ಕೊನೆಯದಾಗಿ ಕಾರ್ಯಕಾರಿ ಸಮಿತಿಗೆ ಒಂದು ವಿನಂತಿ. ನಮ್ಮ ಸಭಾಂಗಣದ ಮುಂದೆ ಕಾರುಗಳಿಗಾಗಿ ಬಿಳಿ ಗೆರೆ ಎಳೆಸಿದ್ದೀರಿ, ಸಂತೋಷ. ಆ ಗೋಡೆಯ ಪಕ್ಕದಲ್ಲಿ ಸೈಕಲ್ಲಿಗೆ ಬೀಗ ಹಾಕಲು ಒಂದು ಕಬ್ಬಿಣದ ಕಂಬಿ ನೆಡಿಸಿರಿ. ಇಂದು ನನ್ನದನ್ನು ನೀರಿನ ಕೊಳಾಯಿಗೆ ಕಟ್ಟಿ ಬಂದಿದ್ದೇನೆ. ಹತ್ತು ಗಂಟೆಗೆ ಕಾವಲುಗಾರ ಗೇಟು ಹಾಕುವುದರೊಳಗೆ ಬಿಚ್ಚಿಕೊಂಡು ಹೊರಡಬೇಕು.